ಹಿಂಬದಿಯ ಅಂಕಿ

“ಗುರುಗಳೇ, ನಮ್ಮದು ನಾಲ್ಕು ತಲೆಮಾರಿನಿಂದ ಹೆಸರುಳ್ಳ ಮನೆ. ಮುತ್ತಜ್ಜ ಊರಿನ ಹೆರಿಗೆ ಆಸ್ಪತ್ರೆಗೆ ಜಾಗ ಕೊಟ್ಟವರು. ಅಜ್ಜ ಮೂವತ್ತು ವರ್ಷ ಶಾಲೆಯ ಆಡಳಿತ ನಡೆಸಿದವರು. ನಮ್ಮಲ್ಲಿ ಯಾರೂ ಯಾರಿಂದಲೂ ಮೋಸ ಹೋಗಿಲ್ಲ. ಏಕೆಂದರೆ ನಾವು ಯಾರನ್ನೂ ಸುಮ್ಮನೆ ನಂಬುವವರಲ್ಲ. ಹಾಗೆ ಅನುಮಾನ ಪಡುವುದು ದೋಷವೇ?” ಎಂದು ಮಂದಾಕಿನಿ ಎಂಬ ಶಿಷ್ಯೆ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ನಿಮ್ಮಂಥದೇ ಮನೆಯ ಒಬ್ಬ ಯಜಮಾನಿ ತನ್ನ ಭಾವನಿಂದ ಒಂದು ಹಳೆಯ ಕಾರನ್ನು ಕೊಂಡಳು. ದೊಡ್ಡ ಇಂಜಿನ್ನಿನ ಗಾಡಿ ಎಂದು ಭಾವ ಹೇಳಿದ್ದ. ಹಿಂಬದಿಯಲ್ಲಿ ಒಂದೂವರೆ ಲೀಟರ್ ಎಂದು ಸಾರುವ ಅಂಕಿಯೂ ಹೊಳೆಯುತ್ತಿತ್ತು. ನೆಂಟರ ನಡುವೆ ಕಾಗದಪತ್ರ ಕೇಳುವುದು ಆ ಮನೆಯಲ್ಲಿ ಅವಮರ್ಯಾದೆ. ಆದ್ದರಿಂದ ಇಂಜಿನ್ ನಂಬರ್ ದಾಖಲಾಗಿರುವ ಆರ್.ಸಿ. ಪುಸ್ತಕ ಭಾವನ ಬೀರುವಿನಲ್ಲೇ ಉಳಿಯಿತು.

ಬ್ರೇಕು ಸರಿಮಾಡಿಸಲು ಕಾರು ಒಬ್ಬ ಮೆಕ್ಯಾನಿಕ್‌ನ ಗ್ಯಾರೇಜಿನಲ್ಲಿ ಮೂರು ದಿನ ನಿಂತಿತು. ಮರುವಾರ ಮನೆಮಂದಿಯೆಲ್ಲ ಹತ್ತಿ ಕೂತು ಹೊರಟಾಗ ಅದು ಘಾಟಿಯ ಏರಿನಲ್ಲಿ ಏದುಸಿರು ಬಿಟ್ಟಿತು. ಯಜಮಾನಿ ನೇರವಾಗಿ ಗ್ಯಾರೇಜಿಗೆ ಹೋದಳು.

“ಇದು ಸಣ್ಣ ಇಂಜಿನ್, ಅಮ್ಮಾವ್ರೇ. ಏಳು ಜನರನ್ನ ಹೊತ್ಕೊಂಡು ಘಾಟಿ ಹತ್ತು ಅಂದ್ರೆ ಪಾಪ, ಅದಾದ್ರೂ ಏನ್ಮಾಡುತ್ತೆ?” ಎಂದು ಮೆಕ್ಯಾನಿಕ್ ನಕ್ಕ.

“ಹಿಂದೆ ಬರೆದಿರೋದು ಕಾಣೋದಿಲ್ವೇನು?”

“ಆ ಅಂಕಿ ಬಜಾರಿನಲ್ಲಿ ಸಿಗುತ್ತೆ. ಇಂಜಿನ್ ನಂಬರ್ ಇಂಜಿನ್ ಮೈಮೇಲೇ ಕೊರೆದಿರುತ್ತೆ. ಬನ್ನಿ, ತೋರಿಸ್ತೀನಿ.”

ಅವಳು ಬಗ್ಗಿ ನೋಡಲಿಲ್ಲ. ಭಾವ ಸುಳ್ಳು ಹೇಳುವವನಲ್ಲ. ಇವನು ಯಾರ ಮಗನೋ, ಯಾವ ಊರಿನವನೋ. ಕಾರು ಮೂರು ದಿನ ಇವನ ಕೈಯಲ್ಲಿತ್ತು. ಒಂದು ಇಂಜಿನ್ ಇಳಿಸಿ ಇನ್ನೊಂದು ಕೂರಿಸಲು ಮೂರು ದಿನ ಧಾರಾಳವಾಗಿ ಸಾಕು. ನಗು ಬೇರೆ! ತಪ್ಪು ಮಾಡದವನಿಗೆ ಅಷ್ಟು ನಗು ಎಲ್ಲಿಂದ ಬರುತ್ತದೆ?

ಆ ಸಂಜೆ ಮಹಿಳಾ ಸಮಾಜದಲ್ಲಿ ಅವಳು ಎಲ್ಲರ ಮುಂದೆ ಅವನನ್ನು ಇಂಜಿನ್ ಕಳ್ಳ ಎಂದಳು. ಅಂಥ ಮನೆಯವಳ ಮಾತಿಗೆ ಸಾಕ್ಷಿ ಕೇಳುವವರು ಯಾರು? ತಿಂಗಳು ಕಳೆಯುವುದರೊಳಗೆ ಗ್ಯಾರೇಜಿಗೆ ಗಾಡಿಗಳು ಬರುವುದು ನಿಂತಿತು.

ಮೆಕ್ಯಾನಿಕ್ ಒಂದು ದಿನ ಅವಳ ಗೇಟಿಗೆ ಬಂದ. ಗಾಡಿ ರಿಪೇರಿಗೆ ಬಂದಾಗಲೆಲ್ಲ ಇಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳುವುದು ಅವನ ರೂಢಿ. ಈ ಕಾರಿನ ಅಚ್ಚನ್ನು ಚಾಚಿ, “ಪುಸ್ತಕದ ಜೊತೆ ಹೋಲಿಸಿ ನೋಡಿ, ಅಮ್ಮಾವ್ರೇ. ನನ್ನ ಹೆಸರು ಹೋಗ್ತಾ ಇದೆ” ಎಂದ. ಕಳ್ಳನೇ ಬರೆದ ಲೆಕ್ಕ ಎಂದುಕೊಂಡು ಅವಳು ಗೇಟಿನ ಚಿಲಕ ತೆಗೆಯಲಿಲ್ಲ.

ಅವನನ್ನು ಹಿಡಿಸಿಯೇ ತೀರಬೇಕೆಂದು ಅವಳು ಭಾವನಿಂದ ಪುಸ್ತಕ ತರಿಸಿಕೊಂಡು, ಕಾರನ್ನು ಸಾರಿಗೆ ಕಚೇರಿಗೆ ಒಯ್ದಳು. ಅಲ್ಲಿಯ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ, ಬಟ್ಟೆಯಿಂದ ಜಿಡ್ಡು ಒರೆಸಿ, ನಂಬರನ್ನು ಒಂದೊಂದೇ ಅಕ್ಷರವಾಗಿ ಓದಿದ. ಪುಸ್ತಕ ತೆರೆದ. ಒಂದು ಅಕ್ಷರವೂ ಬೇರೆಯಾಗಿರಲಿಲ್ಲ.

“ಕಾರ್ಖಾನೆಯಿಂದ ಹೊರಟ ದಿನದಿಂದ ಇದೇ ಇಂಜಿನ್, ಮೇಡಂ. ಸಣ್ಣದು.”

ಅವಳು ಪುಸ್ತಕವನ್ನು ಕಿತ್ತುಕೊಂಡು, ಬೆಳಕಿಗೆ ಹಿಡಿದು, ಅಳಿಸಿ ಬರೆದ ಗುರುತಿದೆಯೇ ಎಂದು ಹುಡುಕಿದಳು. ಇರಲಿಲ್ಲ. ಇನ್‌ಸ್ಪೆಕ್ಟರನ ಮುಖವನ್ನೂ ಒಮ್ಮೆ ನೋಡಿದಳು. ಇವನಿಗೂ ಆ ಮೆಕ್ಯಾನಿಕ್‌ಗೂ ಏನಾದರೂ ನಂಟಿದೆಯೇ? ಅದೂ ಇರಲಿಲ್ಲ.

ಹಿಂಬದಿಯ ಅಂಕಿಯ ಬಗ್ಗೆ ಭಾವನನ್ನು ಕೇಳಿದಾಗ ಅವನು, “ಅಯ್ಯೋ, ಅದಾ? ಅಂಗಡಿಯಲ್ಲಿ ನೇತುಹಾಕಿದ್ರಮ್ಮ. ಗಾಡಿಗೆ ಲಕ್ಷಣವಾಗಿ ಕಾಣ್ತಿತ್ತು, ಅಂಟಿಸಿಬಿಟ್ಟೆ. ಆಮೇಲೆ ನನಗೂ ಅದೇ ನಿಜ ಅನ್ನಿಸಿಬಿಡ್ತು” ಎಂದು ಹೊಟ್ಟೆ ಹಿಡಿದು ನಕ್ಕ.

ಯಜಮಾನಿಗೆ ಮೂರು ರಾತ್ರಿ ನಿದ್ದೆ ಹತ್ತಲಿಲ್ಲ. ನಾಲ್ಕನೆಯ ದಿನ ಡ್ರೈವರನ ಕೈಯಲ್ಲಿ ಕಾರನ್ನು ಅದೇ ಗ್ಯಾರೇಜಿಗೆ ಕಳಿಸಿದಳು. ಹಬ್ಬಕ್ಕೆ ಮೆಕ್ಯಾನಿಕ್‌ನ ಹೆಂಡತಿಗೆಂದು ರೇಷ್ಮೆ ಸೀರೆ ಕಳಿಸಿದಳು. ಮಹಿಳಾ ಸಮಾಜದಲ್ಲಿ ಮಾತಿನ ನಡುವೆ, ಅವನ ಕೆಲಸ ಅಚ್ಚುಕಟ್ಟು ಎಂದಳು. ದೇವಸ್ಥಾನದಲ್ಲಿ ನೂರು ಜನರಿಗೆ ಊಟ ಹಾಕಿಸಿದಳು. ಮೆಕ್ಯಾನಿಕ್ ಕಾರನ್ನು ಚೊಕ್ಕವಾಗಿ ರಿಪೇರಿ ಮಾಡಿ ಕಳಿಸಿದ. ಸೀರೆ ಮಡಿಕೆ ಬಿಚ್ಚದೆ ಹಿಂದಕ್ಕೆ ಬಂತು. ಬೇರೆ ಗಾಡಿಗಳು ಮಾತ್ರ ಬರಲೇ ಇಲ್ಲ. ಕೆಲಸ ಅಚ್ಚುಕಟ್ಟಾಗಿರುವ ಕಳ್ಳ ಎಂದೇ ಊರು ತಿಳಿದುಕೊಂಡಿತು. ಮಳೆಗಾಲ ಮುಗಿಯುವ ಮೊದಲೇ ಅವನು ಸ್ಪ್ಯಾನರುಗಳನ್ನು ಗೋಣಿಯಲ್ಲಿ ಕಟ್ಟತೊಡಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮಂದಾಕಿನಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು. “ಕೆಲಸ ಕೊಟ್ಟಳು, ಸೀರೆ ಕೊಟ್ಟಳು, ನಾಲ್ಕು ಜನರ ಮುಂದೆ ಹೊಗಳಿದಳು, ಅನ್ನದಾನವನ್ನೂ ಮಾಡಿಸಿದಳು. ಅಂಥ ಮನೆಯವಳು ಇದಕ್ಕಿಂತ ಇನ್ನೇನು ಮಾಡಬೇಕು, ಗುರುಗಳೇ?”

“ಕ್ಷಮೆ ಕೇಳಬೇಕು” ಎಂದರು ಗುರುಗಳು.