ತುಟಿಯ ಮೇಲೆ ಕೂತ ದನಿ

“ಅಜ್ಜಾರ, ಅಂಗೈಯಷ್ಟು ಬೆಳಕು, ಎರಡು ಗಳಿಗಿ ಮಾತು. ಅಷ್ಟರಿಂದ ಯಾರ ಗಂಟು ಹೋಗತೈತ್ರಿ?”

ಕೇಳಿದವನು ಮಠದ ಶಿಷ್ಯ ಮಡಿವಾಳಯ್ಯ. ಹಿಂದಿನ ದಿನ ಭಕ್ತರೊಬ್ಬರ ಜೊತೆ ಪಟ್ಟಣಕ್ಕೆ ಹೋಗಿದ್ದ, ಅವರ ಒತ್ತಾಯಕ್ಕೆ ಸಿನಿಮಾ ನೋಡಲು ಕೂತಿದ್ದ. ನಡುವೆ ಫೋನ್ ಬಂತು. ಅದು ಮಠದ ಫೋನು. ದಾಸೋಹದ ಅಕ್ಕಿಯಿಂದ ಹಿಡಿದು ಪಾದಪೂಜೆಯ ದಿನದವರೆಗೆ ಎಲ್ಲ ಸುದ್ದಿಯೂ ಅದಕ್ಕೇ ಬರುತ್ತಿತ್ತು. ಎತ್ತಿ ಮಾತಾಡಿದ. ಹಿಂದಿನ ಸೀಟಿನವನು ಇವನ ಹೆಗಲ ಮೇಲಿನ ಕಾವಿ ಶಾಲನ್ನೂ ಲೆಕ್ಕಿಸದೆ ಬಾಯಿಗೆ ಬಂದಂತೆ ಬೈದ. ಆ ಬೈಗುಳ ಮಡಿವಾಳಯ್ಯನಿಗೆ ಇನ್ನೂ ಅರಗಿರಲಿಲ್ಲ.

ಮುಸ್ಸಂಜೆಯಾಗಿತ್ತು. ಕರೆಂಟು ಹೋಗಿತ್ತು. ಗದ್ದುಗೆಯ ಮುಂದಿನ ದೀಪವೊಂದೇ ಉರಿಯುತ್ತಿತ್ತು. ಊರವರೆಲ್ಲ ಅಜ್ಜಾರು ಎಂದು ಕರೆಯುವ ಹಿರಿಯ ಸ್ವಾಮಿಗಳು ಗೋಡೆಗೆ ಒರಗಿ ಕೂತಿದ್ದರು.

“ನಿನ್ನ ಗಂಟು ಹೋಗಲಿಲ್ಲ, ಅಷ್ಟ ಖರೆ. ಒಂದು ಕತಿ ಐತಿ, ಕೇಳು,” ಎಂದರು.

ಮಡಿವಾಳಯ್ಯ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೈ ಕಟ್ಟಿ ಕೂತ. ಅಜ್ಜಾರು ಹೇಳತೊಡಗಿದರು.

ಒಬ್ಬ ನಟನಿದ್ದ. ನಾಟಕ ಕಂಪನಿಯಲ್ಲಿ ಜನರನ್ನು ನಗಿಸುವ ಪಾತ್ರ ಅವನದು. ಅವನು ಹೂಂ ಎಂದರೂ ಜನ ನಗುತ್ತಿದ್ದರು, ಸುಮ್ಮನೆ ನಿಂತರೂ ನಗುತ್ತಿದ್ದರು. ಮನೆಯಲ್ಲಿ ಮಾತ್ರ ಆಸಾಮಿ ಶುದ್ಧ ಮೂಕ. ಹೆಂಡತಿ ಬಡಿಸಿದ್ದನ್ನು ಉಣ್ಣುತ್ತಿದ್ದ, ಕೈ ತೊಳೆಯುತ್ತಿದ್ದ, ಮಲಗುತ್ತಿದ್ದ. ಚಲೋ ಆಗಿದೆ ಎಂದವನಲ್ಲ. ಕೆಟ್ಟಿದೆ ಎಂದವನೂ ಅಲ್ಲ.

ಆದರೆ ಕಂಪನಿಯ ನಗೆಗಾರರಿಗೆ ಒಂದು ಚಾಳಿ ಇರುತ್ತದೆ. ಬರೆದುಕೊಟ್ಟ ಮಾತು ಮುಗಿದ ಮೇಲೆ ತಮ್ಮದೊಂದು ಮಾತನ್ನು ಸೇರಿಸದೆ ಅವರು ಒಳಗೆ ಹೋಗುವುದಿಲ್ಲ. ಮಾಲೀಕ ಎಷ್ಟು ಬೈದರೂ ಆ ಚಾಳಿ ಹೋಗುವುದಿಲ್ಲ. ಈ ನಟ ಹಾಗೆ ಸೇರಿಸುವ ಮಾತನ್ನು ಹೆಂಡತಿಗೆಂದೇ ಇಟ್ಟುಕೊಂಡಿದ್ದ. ಅವಳು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಿರುತ್ತಿದ್ದಳು. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ದಿನ ರಂಗದ ಮೇಲೆ ಸೇವಕನ ವೇಷದಲ್ಲಿದ್ದ ಅವನು ನೀರು ನೀರು ಎಂದು ಒದ್ದಾಡುತ್ತಿದ್ದ. ಮನೆಯಲ್ಲಿ ಅವಳು ಮುನಿಸಿಕೊಂಡ ದಿನ ಅದೇ ಸೇವಕ ದಾರಿಯಲ್ಲಿ ಹೋಗುವ ರಾಣಿಯ ಕಾಲು ಹಿಡಿದು ತಪ್ಪಾಯಿತು ಎನ್ನುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೊಬ್ಬಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿರುತ್ತಿದ್ದಳು. ಅವರ ಸಂಸಾರ ನಡೆದದ್ದು ಹೀಗೆ. ಲೋಕದಲ್ಲಿ ಎಂತೆಂಥ ಸಂಸಾರಗಳಿವೆ, ಇದೂ ಒಂದು.

ಕಂಪನಿ ಮುಚ್ಚಿತು. ನಟ ಮನೆ ಸೇರಿದ. ರಂಗ ಹೋದ ಮೇಲೆ ಗಂಡ ಹೆಂಡಿರ ನಡುವಿನ ಮಾತೂ ಹೋಯಿತು. ಎಷ್ಟೋ ವರ್ಷ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದು ಮಾಡಿದವು. ಆಮೇಲೆ ಯಾರೋ ಹುಡುಗರು ಕೂಡಿ ಒಂದು ಸಿನಿಮಾ ತೆಗೆದರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಬುತ್ತಿ ಬಿಚ್ಚುವ ಒಬ್ಬ ಮುದುಕ ಅವರಿಗೆ ಬೇಕಾಗಿದ್ದ. ಇವನನ್ನು ಕರೆದರು. ಇದ್ದದ್ದು ಒಂದೇ ದೃಶ್ಯ. ಅದನ್ನು ಮುಗಿಸಿ ಬಂದವನು ಊಟಕ್ಕೆ ಕೂತು, ಅಪರೂಪಕ್ಕೆ ಬಾಯಿ ಬಿಟ್ಟ.

“ನಂದೊಂದು ಮಾತು ಸೇರಿಸೇನಿ. ನಿನಗಂತ.”

“ಏನಂದ್ರಿ?”

“ಇಲ್ಲೇ ಹೇಳಿದ್ರ ಏನು ಸ್ವಾರಸ್ಯ? ಟಾಕೀಜಿಗೆ ಬಂದು ಕೇಳು.”

ಹೆಂಡತಿ ಹಟ ಹಿಡಿಯಲಿಲ್ಲ. ಗಂಡನ ಮಾತು ಎಲ್ಲಿ ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಹುಡುಕಿ ಉಪಯೋಗವಿರಲಿಲ್ಲ. ಅಂದಿನಿಂದ ಅವಳು ಆ ಒಂದು ಮಾತಿಗೆ ಕಾದಳು.

ಸಿನಿಮಾ ಬರುವ ಮುನ್ನಾ ವಾರ ನಟ ತೀರಿಕೊಂಡ.

ಶುಕ್ರವಾರ ಊರಿನ ಟಾಕೀಜಿಗೆ ಸಿನಿಮಾ ಬಂತು. ನಟನ ಹೆಂಡತಿ ಸೀರೆ ಸರಿಮಾಡಿಕೊಂಡು ಹೊರಟಳು. ಬಂಧುಗಳು ಹೊಸ್ತಿಲಿಗೆ ಅಡ್ಡ ನಿಂತರು. ಗಂಡ ಸತ್ತವಳು ದಿನಕರ್ಮ ಮುಗಿಯುವ ಮೊದಲೇ ಸಿನಿಮಾಕ್ಕೆ ಹೊರಟರೆ ಊರು ಏನೆಂದೀತು ಎಂದರು. ಊರು ಏನೂ ಅನ್ನುತ್ತಿರಲಿಲ್ಲ. ಊರಿಗೆ ಅದರ ಕೆಲಸವೇ ಬೇಕಾದಷ್ಟಿರುತ್ತದೆ. ಆದರೂ ಅವಳು ಒಳಗೆ ಹೋಗಿ ಕೂತಳು. ಬುಧವಾರ ಕಾರ್ಯ ಮುಗಿಯಿತು. ಬಂಧುಗಳು ಹೋಳಿಗೆ ಉಂಡು ಅವರವರ ಬಸ್ಸು ಹಿಡಿದರು. ಅಷ್ಟರಲ್ಲಿ ಸಿನಿಮಾ ಮಕಾಡೆ ಮಲಗಿತ್ತು. ಶುಕ್ರವಾರಕ್ಕೆ ದೊಡ್ಡ ನಾಯಕನ ಚಿತ್ರ ಬರುವುದಿತ್ತು. ಗುರುವಾರದ ಮ್ಯಾಟ್ನಿಯೇ ಇದರ ಕೊನೆಯ ಆಟ, ಆ ಊರಿನಲ್ಲಿ ಮಾತ್ರವಲ್ಲ, ಎಲ್ಲ ಊರುಗಳಲ್ಲೂ. ಅವಳು ಒಬ್ಬಳೇ ಹೋದಳು.

ಅದೇ ಆಟಕ್ಕೆ ಒಬ್ಬ ವ್ಯಾಪಾರಿ ಬಂದಿದ್ದ. ಮೆಣಸಿನಕಾಯಿ ವ್ಯಾಪಾರಿ. ಅವನು ಸಿನಿಮಾಕ್ಕೆ ಬಂದವನಲ್ಲ, ಫ್ಯಾನಿಗೆ ಬಂದವನು. ಹೊರಗೆ ಕೆಂಡದಂಥ ಬಿಸಿಲು, ಅಂಗಡಿಗೆ ರಜೆ. ಕೆಟ್ಟವನೇ? ಅಲ್ಲ. ದಾಸೋಹಕ್ಕೆ ಚೀಲಗಟ್ಟಲೆ ಕಳಿಸುವವನು, ಹಿರಿಯರನ್ನು ಕಂಡರೆ ಚಪ್ಪಲಿ ಬಿಟ್ಟು ನಿಲ್ಲುವವನು. ತಮ್ಮಾ, ಕೆಟ್ಟವರು ಬರುತ್ತಾರೆಂದರೆ ಜನ ಬಾಗಿಲಿಗೆ ಅಗಳಿ ಹಾಕಿಕೊಳ್ಳುತ್ತಾರೆ. ಒಳ್ಳೆಯವರು ಏನಾಗತೈತಿ ಬಿಡು ಎಂದು ಮಾಡುವ ಕೇಡಿಗೆ ಯಾವ ಅಗಳಿಯೂ ಇಲ್ಲ.

ಜನ ಕಡಿಮೆಯೆಂದು ಟಾಕೀಜಿನವರು ಒಂದು ಸಾಲಿನ ಫ್ಯಾನುಗಳನ್ನು ಮಾತ್ರ ಹಾಕಿದ್ದರು. ಬ್ಯಾಟರಿ ಹಿಡಿದವನು ಬಂದವರನ್ನೆಲ್ಲ ಅದರ ಕೆಳಗೇ ಕೂರಿಸಿದ. ಹೀಗಾಗಿ ವ್ಯಾಪಾರಿ ನಟನ ಹೆಂಡತಿಯಿಂದ ಒಂದು ಸೀಟು ಬಿಟ್ಟು ಕೂತ. ಫೋನ್ ಬಂದ್ ಮಾಡಿರಿ ಎಂದು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ವ್ಯಾಪಾರಿ ಆಗ ಫೋನ್ ನೋಡುತ್ತಿದ್ದ. ಆಮೇಲೆ ನಿದ್ದೆ ಹೋದ.

ಬಸ್ ಸ್ಟ್ಯಾಂಡು ಬಂತು. ನಟನ ಹೆಂಡತಿ ಕಿವಿಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ಅವಳ ಗಂಡ ಕಲ್ಲುಬೆಂಚಿನ ಮೇಲೆ ಕೂತಿದ್ದ. ಮಗ್ಗುಲಲ್ಲಿ ಕಂಡಕ್ಟರ್ ನಿಂತಿದ್ದ. ಅವಳ ಗಂಡ ಬುತ್ತಿಯ ಗಂಟು ಬಿಚ್ಚಿದ, ಬರೆದುಕೊಟ್ಟ ಮಾತನ್ನು ಆಡಿದ. ಆಮೇಲೆ ತಲೆ ಎತ್ತಿದ. ಸ್ವಂತ ಮಾತು ಸೇರಿಸುವ ಮೊದಲು ಅವನು ಎಡಗಡೆಯ ಹುಬ್ಬು ಏರಿಸುತ್ತಿದ್ದ. ಅದು ಅವಳೊಬ್ಬಳಿಗೇ ಗೊತ್ತಿದ್ದ ಗುರುತು. ಏರಿಸಿದ. ಅವಳು ಉಸಿರು ಹಿಡಿದಳು.

ಆಗ ವ್ಯಾಪಾರಿಯ ಫೋನು ಬಡಿದುಕೊಂಡಿತು. ಅವನು ದಡಬಡಿಸಿ ಎದ್ದ. ಆ ಕತ್ತಲೆಯಲ್ಲಿ ಅವನ ಮುಖವೊಂದೇ ಬೆಳಗಿತು. ಕರೆ ಮನೆಯಿಂದ. ಸಂಜೆಗೆ ಏನು ಅಡುಗೆ ಮಾಡಲಿ ಎಂದು ಕೇಳುತ್ತಿದ್ದರು. ಸಿನಿಮಾದ ಸದ್ದು ಅಡ್ಡ ಬರುತ್ತದೆಂದು ವ್ಯಾಪಾರಿ ಅದಕ್ಕಿಂತ ದೊಡ್ಡ ದನಿ ತೆಗೆದ.

“ಬದನಿಕಾಯಿ ಎಣಗಾಯಿ ಮಾಡು!”

ಪರದೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತ ಮುದುಕನ ತುಟಿ ಅಲ್ಲಾಡುತ್ತಿತ್ತು. ತುಟಿಗೂ ಮಾತಿಗೂ ಸರಿಯಾಗಿ ತಾಳ ಕೂಡಿತು. ಫ್ಯಾನಿನ ಕೆಳಗಿದ್ದವರೆಲ್ಲ ಘೊಳ್ಳೆಂದು ನಕ್ಕರು. ಯಾರೋ ಸಿಳ್ಳೆ ಹಾಕಿದರು. ನಗೆ ನಿಲ್ಲುವ ಹೊತ್ತಿಗೆ ಬಸ್ಸು ಬಂದು, ಮುದುಕ ಹತ್ತಿ ಹೋಗಿದ್ದ. ಆಯುಷ್ಯವೆಲ್ಲ ಜನರನ್ನು ನಗಿಸಿದವನು ಆ ಒಂದು ಮಾತಿಗೆ ನಗೆ ಬೇಡಿರಲಿಲ್ಲ. ಅದಕ್ಕೂ ಸಿಕ್ಕಿತು.

ಆಟ ಮುಗಿಯಿತು. ನಟನ ಹೆಂಡತಿ ಬಾಗಿಲಲ್ಲಿ ವ್ಯಾಪಾರಿಯನ್ನು ನಿಲ್ಲಿಸಿದಳು. ಬೈಯಲಿಲ್ಲ. ಬೈಯಲು ಅವಳಿಗೆ ವ್ಯವಧಾನವಿರಲಿಲ್ಲ, ಮಾತು ಬೇಕಾಗಿತ್ತು.

“ಯಪ್ಪಾ, ನನ್ನ ಗಂಡ ಏನಂದ?”

ವ್ಯಾಪಾರಿಗೆ ತಲೆಬುಡ ತಿಳಿಯಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಅವನು ನಕ್ಕು, “ಇಷ್ಟ ಹೌದಿಲ್ಲೋ ಯವ್ವಾ? ಜಗತ್ತೆಲ್ಲಾ ಇದರಾಗ ಐತಿ,” ಎಂದು ಫೋನ್ ತೆಗೆದ. ಬೆರಳಿನಿಂದ ತಿಕ್ಕಿದ, ಮತ್ತೆ ತಿಕ್ಕಿದ. ಸಿನಿಮಾದ ಹೆಸರು ಸಿಕ್ಕಿತು, ನಾಯಕಿಯ ಚಿತ್ರ ಸಿಕ್ಕಿತು. ಬಸ್ ಸ್ಟ್ಯಾಂಡಿನ ಮುದುಕ ಸಿಗಲಿಲ್ಲ. ಜೊತೆಗೆ ನಕ್ಕವರನ್ನು ಹಿಡಿದು ಕೇಳಿದ. ಅವರಿಗೆ ನೆನಪಿದ್ದದ್ದು ಬದನೆಕಾಯಿ. ಒಳಗೆ ಹೋಗಿ ಆ ತುಣುಕನ್ನು ಇನ್ನೊಮ್ಮೆ ಹಾಕಿರಿ ಎಂದ. ಟಾಕೀಜಿನವರು ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಹೊರಗೆ ಹುಡುಗರು ಏಣಿ ಹಾಕಿ ಹೊಸ ಪೋಸ್ಟರ್ ಅಂಟಿಸುತ್ತಿದ್ದರು. ಅವನು ತಿರುಗಿ ಬರುವಷ್ಟರಲ್ಲಿ ನಟನ ಹೆಂಡತಿ ಬಿಸಿಲಿನಲ್ಲಿ ನಡೆದು ಹೋಗಿದ್ದಳು.

ಅಂದು ಎಣಗಾಯಿ ವ್ಯಾಪಾರಿಯ ಗಂಟಲಲ್ಲಿ ಇಳಿಯಲಿಲ್ಲ. ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಹೊರಟ. ಸಿನಿಮಾ ಟಿ.ವಿ.ಗೂ ಬರಲಿಲ್ಲ, ಫೋನಿಗೂ ಬರಲಿಲ್ಲ. ತೆಗೆದವರಿಗೇ ಅದು ಬೇಡವಾಗಿತ್ತು. ಆ ಹುಡುಗರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿದ್ದರು. ವ್ಯಾಪಾರಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಊರೂರು ತಿರುಗಿದ. ಮಳೆಗಾಲ ಹೋಗಿ ಸುಗ್ಗಿ ಬಂತು. ಕಡೆಗೆ ಆ ದೃಶ್ಯದಲ್ಲಿ ಕಂಡಕ್ಟರ್ ಆಗಿ ನಿಂತಿದ್ದವನು ಸಿಕ್ಕಿದ. ಮುದುಕನ ಮಗ್ಗುಲಲ್ಲೇ ನಿಂತು ಕೇಳಿದ್ದ ಅವನಿಗೆ ಆ ಮಾತು ನೆನಪಿತ್ತು. ಬಿಡಿಸಿ ಹೇಳಿದ.

ವ್ಯಾಪಾರಿ ಅದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಬಂದ. ಒಂದಕ್ಷರ ಆಚೀಚೆಯಾಗಬಾರದು ಎಂದು ಯಾರೊಡನೆಯೂ ಮಾತಾಡಲಿಲ್ಲ. ನಟನ ಮನೆ ಹುಡುಕಿ ಬಾಗಿಲು ತಟ್ಟಿದ. ಹೆಂಡತಿ ಬಂದಳು. ಅವನು ಚಪ್ಪಲಿ ಬಿಟ್ಟು, ಕೈ ಮುಗಿದು, “ಯವ್ವಾ, ನಿನ್ನ ಗಂಡ ಅಂದದ್ದು ಇದು,” ಎಂದು ಆ ಮಾತನ್ನು ಹೇಳಿದ.

ಮಡಿವಾಳಯ್ಯನ ತೊಡೆಯ ಮೇಲೆ ಫೋನು ಗುರ್ ಎಂದಿತು. ದಾಸೋಹದ ಸುದ್ದಿ ಇರಬಹುದೆಂದು ನೋಡಿದ. ಯಾರೋ ಭಕ್ತರು ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭ ಸಂಜೆ ಎಂದಿದ್ದರು. ಉತ್ತರ ಕೊಡದಿದ್ದರೆ ಬೇಜಾರು ಮಾಡಿಕೊಂಡಾರು ಎಂದು ಕೈ ಮುಗಿದ ಚಿತ್ರವೊಂದನ್ನು ಕಳಿಸಿದ. ಸದ್ದಾಗದಂತೆ ಫೋನನ್ನು ಕವುಚಿ ಇಟ್ಟು ತಲೆ ಎತ್ತಿದ. ಅಜ್ಜಾರು ಕತೆ ನಿಲ್ಲಿಸಿರಲಿಲ್ಲ.

ಕೇಳಿ ಅವಳು ಅಳಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಹೌದು. ಅವಂದ ಮಾತು. ಅವ ಹಿಂಗ ಅಂತಿದ್ದ.”

ವ್ಯಾಪಾರಿಯ ಎದೆ ಹಗುರಾಯಿತು. ಅವಳು ಮುಂದುವರಿಸಿದಳು.

“ಆದರ ಯಪ್ಪಾ, ಕಣ್ಣು ಮುಚ್ಚಿದ್ರ ನನಗ ಅವನ ತುಟಿ ಕಾಣತಾವು. ಅಲ್ಲಾಡತಾವು. ಅದರ ಮ್ಯಾಲೆ ನಿನ್ನ ದನಿ ಬಂದು ಕುಂತೈತಿ. ದಿನಾ ಬದನಿಕಾಯಿ ಬದನಿಕಾಯಿ ಅಂತೈತಿ. ಜನಾ ನಗತಾರ. ಅದನ್ನ ಒರಸಾಕ ಬರತೈತೇನು ನಿನಗ?”

ಆಗಲೇ ವ್ಯಾಪಾರಿಯ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಜನ್ಮದಲ್ಲಿ ಮೊದಲ ಸಲ ಅವನು ಯಾರೆಂದು ನೋಡದೆ ಅದನ್ನು ಬಂದ್ ಮಾಡಲು ಹೋದ. ನಟನ ಹೆಂಡತಿ ತಡೆದಳು.

“ಎತ್ತಪ್ಪಾ. ನಿನಗ ಮಾತಾಡಸವ್ರು ಅದಾರ.”

ಬಾಗಿಲು ಹಾಕಿಕೊಂಡಳು.

ಅಜ್ಜಾರು ಕತೆ ಮುಗಿಸಿದರು. ಮಡಿವಾಳಯ್ಯನ ಕಣ್ಣುಗಳು ಒದ್ದೆಯಾಗಿದ್ದವು. ನಿನ್ನೆ ತನ್ನನ್ನು ಬೈದವನ ಮುಖ ನೆನಪಾಯಿತು. ಅವನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತನಗೆ ಪಾಠ ತಿಳಿಯಿತು ಎಂದುಕೊಂಡ. ಶಾಲಿನಿಂದ ಕಣ್ಣು ಒರೆಸಿಕೊಂಡ. ಉಳಿದದ್ದು ಒಂದೇ ಸಂಶಯ.

“ಅಜ್ಜಾರ, ಆ ಗಂಡ ಸೇರಿಸಿದ ಮಾತು ಯಾವುದ್ರಿ? ಅದನ್ನ ನೀವು ಹೇಳಲೇ ಇಲ್ಲಲ್ಲ?”

ಅಜ್ಜಾರು ಅವನ ತೊಡೆಯ ಮೇಲೆ ಕವುಚಿ ಬಿದ್ದಿದ್ದ ಫೋನನ್ನು ನೋಡಿದರು.

“ಹೇಳಿದೆ, ತಮ್ಮಾ. ಆಗ ಈ ಕತ್ತಲದಾಗ ನಿನ್ನ ಮಾರಿ ಒಂದ ಬೆಳಗಾಕತ್ತಿತ್ತು.”