ಒಂದು ಬೆರಳು, ನಾಲ್ಕು ಬೆರಳು

ನದಿಯ ದಡದಲ್ಲೊಂದು ಆಶ್ರಮವಿತ್ತು. ಅಲ್ಲಿ ಗುರು ಸಿದ್ಧಯ್ಯನವರು ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು.

ಆಶ್ರಮದ ಊಟದ ಗಂಟೆಯನ್ನೂ ಕಂಪ್ಯೂಟರೇ ಬಾರಿಸುತ್ತಿತ್ತು. ಗಂಟೆಯಾಗದೆ ಯಾರೂ ಎಲೆಗೆ ಕೈ ಹಾಕುವಂತಿರಲಿಲ್ಲ. ಗಂಟೆಯ ಹಗ್ಗಕ್ಕೆ ಇನ್ನೇನು ಕೆಲಸವೆಂದು ಅಡುಗೆಯವರು ಅದನ್ನು ಬಿಚ್ಚಿ ಬಾವಿಗೆ ಒಯ್ದಿದ್ದರು.

ಒಂದು ದಿನ ಅತಿಥಿಗಳು ಹೆಚ್ಚಾಗಿ ಎರಡು ಪಂಕ್ತಿ ಮಾಡಬೇಕಾಯಿತು. ಎರಡು ಸಲ ಗಂಟೆ ಬಾರಿಸುವಂತೆ ಪ್ರೋಗ್ರಾಂ ತಿದ್ದಲು ಗುರುಗಳು ಕೊಟ್ರೇಶ, ನಾಗವೇಣಿ ಎಂಬ ಇಬ್ಬರು ಶಿಷ್ಯರಿಗೆ ಹೇಳಿದರು.

ಇಬ್ಬರೂ ಬೇರೆ ಬೇರೆ ಕಂಪ್ಯೂಟರಿನಲ್ಲಿ ಕೂತು ಒಂದೇ ಫೈಲಿನಲ್ಲಿ ಬರೆದರು. ಪ್ರೋಗ್ರಾಂ ಓಡಲಿಲ್ಲ.

ಕಾರಣ ಸಣ್ಣದು. ಅದರಲ್ಲಿ ಕೆಲವು ಸಾಲುಗಳನ್ನು ಅಂಚಿನಿಂದ ಒಳಕ್ಕೆ ಸರಿಸಿ ಬರೆಯಬೇಕು. ಕೊಟ್ರೇಶ ಟ್ಯಾಬ್ ಕೀ ಒಂದು ಸಲ ಒತ್ತಿ ಸರಿಸುವವನು. ನಾಗವೇಣಿ ಸ್ಪೇಸ್ ಕೀ ನಾಲ್ಕು ಸಲ ಒತ್ತಿ ಸರಿಸುವವಳು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಹಾಗಲ್ಲ, ಎರಡೂ ಬೆರೆತರೆ ಅದು ಅಲ್ಲೇ ನಿಂತುಬಿಡುತ್ತದೆ.

“ಒಂದು ಸಲ ಒತ್ತುವಲ್ಲಿ ನಾಲ್ಕು ಸಲ ಒತ್ತುತ್ತಾಳೆ, ಗುರುಗಳೇ,” ಎಂದ ಕೊಟ್ರೇಶ. “ಕೇಳಿದರೆ ಜಪ ಅನ್ನುತ್ತಾಳೆ.”

“ಇವನ ಟ್ಯಾಬು ನನ್ನ ಪರದೆಯಲ್ಲಿ ಇಷ್ಟು ಜಾಗ ಹಿಡಿಯುತ್ತೆ, ನಿಮ್ಮ ಪರದೆಯಲ್ಲಿ ಅದರ ಎರಡರಷ್ಟು,” ಎಂದಳು ನಾಗವೇಣಿ. “ಒಂದೊಂದು ಮನೆಯಲ್ಲಿ ಒಂದೊಂದು ಥರ ಕಾಲು ಚಾಚುವ ನೆಂಟನ ಹಾಗೆ.”

“ನೆಂಟ ಅಂದದ್ದು ಯಾರನ್ನು?”

“ನಿನ್ನ ಟ್ಯಾಬನ್ನು, ಕೊಟ್ರೇಶಣ್ಣ. ನೀನು ಯಾಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀ?”

ಜಗಳವಾಡಿದವರು ಊಟದ ಗಂಟೆಯಾಗುವವರೆಗೆ ಮೌನವಾಗಿರಬೇಕು ಎಂಬುದು ಆಶ್ರಮದ ನಿಯಮ. ಮಾಡಿದವರು ಗುರುಗಳೇ.

“ಇಬ್ಬರಿಗೂ ಮೌನ,” ಎಂದರು ಅವರು. “ತಪ್ಪು ಯಾರದೆಂದು ಒಬ್ಬೊಬ್ಬರೇ ಕೂತು ಯೋಚಿಸಿ. ಆಮೇಲೆ ತಿದ್ದಿ.”

ಇಬ್ಬರೂ ಒಳ್ಳೆಯ ಶಿಷ್ಯರು. ತೊಂದರೆಯಾದದ್ದೇ ಅದರಿಂದ.

ಮಧ್ಯಾಹ್ನವಾಯಿತು. ಅತಿಥಿಗಳು ಸಾಲಾಗಿ ಕೂತರು. ಗಂಟೆಯಾಗಲಿಲ್ಲ.

ಅಡುಗೆಯ ಗಂಗಮ್ಮ ಗುರುಗಳ ಬಳಿ ಬಂದಳು. “ಹೋಳಿಗೆ ಬಡಿಸಿ ಆಯಿತು, ಬುದ್ಧಿ. ಎಲ್ಲರೂ ಅದನ್ನೇ ನೋಡುತ್ತಾ ಕೂತಿದ್ದಾರೆ. ಒಬ್ಬರು ಕಣ್ಣು ಮುಚ್ಚಿದ್ದಾರೆ. ಧ್ಯಾನವೋ ಹಸಿವೋ ತಿಳಿಯುತ್ತಿಲ್ಲ.”

ಗುರುಗಳು ಕಂಪ್ಯೂಟರ್ ಕೋಣೆಗೆ ಹೋದರು. ಗಂಗಮ್ಮ ಸೌಟು ಹಿಡಿದು ಹಿಂದೆಯೇ ಹೋದಳು.

“ತಿದ್ದಿದಿರಾ?”

ಇಬ್ಬರೂ ಹೌದೆಂದು ತಲೆಯಾಡಿಸಿದರು.

“ಹೇಗೆ?”

ಕೊಟ್ರೇಶ ನಾಲ್ಕು ಬೆರಳು ತೋರಿಸಿದ. ನಾಗವೇಣಿ ಒಂದು ಬೆರಳು ತೋರಿಸಿದಳು. ಆಮೇಲೆ ಒಬ್ಬರ ಬೆರಳನ್ನು ಇನ್ನೊಬ್ಬರು ನೋಡಿದರು.

“ಬೆಳಿಗ್ಗೆ ಒಂದು ಬೆರಳು ನಿನ್ನದಲ್ಲವೇ, ಕೊಟ್ರೇಶ?”

ಕೊಟ್ರೇಶ ಹೌದೆಂದು ತಲೆಯಾಡಿಸಿದ.

ತಪ್ಪು ತನ್ನದೇ ಎಂದು ಇಬ್ಬರಿಗೂ ತೋರಿತ್ತು. ತಂತಮ್ಮ ಸಾಲುಗಳನ್ನೆಲ್ಲ ಇನ್ನೊಬ್ಬರ ರೀತಿಗೆ ಬದಲಿಸಿದ್ದರು. ಪ್ರೋಗ್ರಾಂ ಬೆಳಿಗ್ಗೆ ನಿಂತ ಸಾಲಿನಲ್ಲೇ ಮತ್ತೆ ನಿಂತಿತ್ತು.

ಗುರುಗಳು ಗೋಡೆ ಹಿಡಿದುಕೊಂಡು ನಕ್ಕರು. “ಒಂದು ಮಾತು ಕೇಳಿಕೊಳ್ಳಬಾರದಿತ್ತೇ, ಮಾರಾಯರೇ?”

ನಾಗವೇಣಿ ಕಿಟಕಿಯಾಚೆಯ ಗಂಟೆಯ ಕಡೆ ಕೈ ತೋರಿಸಿದಳು.

ಗುರುಗಳ ನಗು ನಿಂತಿತು.

“ಗಂಟೆಯಾಗದೆ ನೀವು ಮಾತಾಡುವಂತಿಲ್ಲ. ನೀವು ಮಾತಾಡದೆ ಗಂಟೆಯಾಗುವಂತಿಲ್ಲ,” ಎಂದರು. “ಈ ನಿಯಮದ ಪ್ರೋಗ್ರಾಂ ಬರೆದವನು ನಾನು. ನಿಮ್ಮದಕ್ಕಿಂತ ಕೆಟ್ಟದಾಗಿದೆ. ಅಳಿಸಿದ್ದೇನೆ, ಮಾತಾಡಿ.”

“ನಿನ್ನ ರೀತಿಯೇ ಇರಲಿ, ವೇಣಿ.”

“ಬೇಡ ಕೊಟ್ರೇಶಣ್ಣ, ನಿನ್ನದೇ ಇರಲಿ.”

“ನಾಲ್ಕು ಸಲ ಒತ್ತುವುದೇ ಚೆಂದ.”

“ಒಂದು ಸಲವೇ ಸಲೀಸು ಅಂದೆನಲ್ಲ.”

ದನಿ ಮೆಲ್ಲಗೆ ಬೆಳಗಿನ ಎತ್ತರಕ್ಕೆ ಏರುತ್ತಿತ್ತು.

“ಯಾವುದಾದರೂ ಒಂದು ಒತ್ತಿರಪ್ಪ,” ಎಂದಳು ಬಾಗಿಲಲ್ಲಿದ್ದ ಗಂಗಮ್ಮ. “ಹೋಳಿಗೆಗೆ ಎರಡೂ ಒಂದೇ.”

ಕೊಟ್ರೇಶ ತನ್ನ ಕುರ್ಚಿಯನ್ನು ನಾಗವೇಣಿಯ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡ. ಅವನು ಸಾಲು ಓದಿದ, ಅವಳು ಕೀ ಒತ್ತಿದಳು. ಸ್ವಲ್ಪ ಹೊತ್ತಿಗೆ ಗಂಟೆಯಾಯಿತು. ಕಣ್ಣು ಮುಚ್ಚಿದ್ದ ಅತಿಥಿ ಎಲ್ಲರಿಗಿಂತ ಮೊದಲು ಕೈ ಹಾಕಿದರು.

ಎರಡನೆಯ ಪಂಕ್ತಿಯಲ್ಲಿ ಗುರುಗಳು ಮೂರು ಹೋಳಿಗೆ ತಿಂದರು. ಕೈ ತೊಳೆಯುವಾಗ ಕೊಟ್ರೇಶ ನೀರು ಹಾಕುತ್ತಾ ಕೇಳಿದ:

“ಸಂಜೆಗೆ ಇನ್ನೊಂದು ಪ್ರೋಗ್ರಾಂ ಬರೆಯಬೇಕು, ಗುರುಗಳೇ. ಮತ್ತೆ ಜಗಳವಾದರೆ ಮೌನವೇ?”

“ಬೇಡ,” ಎಂದರು ಗುರುಗಳು. “ಜಗಳವಾಡಿ. ಒಂದೇ ಕೀಬೋರ್ಡಿನ ಮುಂದೆ ಕೂತು ಆಡಿ.”