ಮಣ್ಣಿನ ಗಡಿಗೆಯ ಅಕ್ಕಿ

ಕೇಳಿ ಮಕ್ಕಳೇ. ಒಂದು ರಾಜ್ಯದಲ್ಲಿ ಒಂದು ಚರ್ಚು. ಚರ್ಚಿನ ಪಕ್ಕ ಶಾಲೆ. ಶಾಲೆಗೆ ಇನ್ನಾಸಪ್ಪ ಮೇಷ್ಟ್ರು. ಕೆಳಗಿನ ಕೇರಿಯ ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆ ಆ ರಾಜ್ಯದಲ್ಲಿ ಅದೊಂದೇ.

ಶುಕ್ರವಾರ ಪ್ರತಿ ಮಗುವೂ ಹಿಡಿ ಅಕ್ಕಿ ತಂದು ಕಾಣಿಕೆ ಹಾಕಬೇಕು. ಆ ಅಕ್ಕಿಯಲ್ಲಿ ಊರಿಗೆಲ್ಲ ಗಂಜಿ. ಅದಕ್ಕೊಂದು ಹಳೆಯ ಕಟ್ಟಳೆ ಇತ್ತು. ಯಾರದಾದರೂ ಮನಸ್ಸು ನಿಮ್ಮಿಂದ ನೊಂದಿದ್ದರೆ ಅಕ್ಕಿ ಹಾಕುವಂತಿಲ್ಲ. ಮೊದಲು ಅವರೆದುರು ಕೂತು ಮಾತಾಡಿ ಬರಬೇಕು.

ಮೇಷ್ಟ್ರು ಎರಡು ಪಾತ್ರೆ ಇಟ್ಟಿದ್ದರು. ಮೇಲಿನ ಕೇರಿಯ ಮಕ್ಕಳ ಅಕ್ಕಿಗೆ ತಾಮ್ರದ ಹಂಡೆ. ಕೆಳಗಿನ ಕೇರಿಯ ಅಕ್ಕಿಗೆ ಮಣ್ಣಿನ ಗಡಿಗೆ. ಯಾರೂ ಕೇಳಲಿಲ್ಲ. ಮೇಷ್ಟ್ರ ಕೋಳಿಗಳು ಮಾತ್ರ ಕೊಬ್ಬುತ್ತಿದ್ದವು.

ಒಂದು ಶುಕ್ರವಾರ ಕೆಳಗಿನ ಕೇರಿಯ ಮದಲೇನ ಕೇಳಿದಳು. "ಮೇಷ್ಟ್ರೇ, ಎರಡು ಪಾತ್ರೆ ಯಾಕೆ?"

"ಪ್ರಶ್ನೆ ಕೇಳಿದರೆ ಜಗಳ. ಜಗಳಗಂಟಿಗೆ ಇಲ್ಲಿ ಜಾಗವಿಲ್ಲ. ಹೋಗು ಹೊರಗೆ!"

ಮದಲೇನ ಹುಣಸೆಮರದ ಕೆಳಗೆ ನಿಂತಳು.

ಎರಡನೆಯ ಶುಕ್ರವಾರ ಮತ್ತೆ ಕೇಳಿದಳು. ಮೇಲಿನ ಕೇರಿಯ ಚೌರಪ್ಪ ಎದ್ದು ನಿಂತ. "ನಿಮ್ಮ ಅಕ್ಕಿ ಬೆರೆತರೆ ನಮ್ಮಜ್ಜಿ ಗಂಜಿ ಮುಟ್ಟಲ್ಲ. ಅದಕ್ಕೇ ಕಣೇ!"

"ಇಬ್ಬರೂ ಜಗಳಗಂಟರು. ಹೊರಗೆ!" ಎಂದರು ಮೇಷ್ಟ್ರು.

ಮರದ ಕೆಳಗೆ ಇಬ್ಬರೂ ಮುಖ ತಿರುಗಿಸಿ ನಿಂತರು. ಕೊನೆಗೆ ಮದಲೇನ ಹೇಳಿದಳು. "ನೀನು ಹಂಗಂದಾಗ ನಂಗೆ ಅಳು ಬಂತು ಕಣೋ."

"ಹಂಗಾದ್ರೆ ನಮ್ಮಜ್ಜಿ ಕೆಟ್ಟವಳಾ?"

"ಅಜ್ಜಿ ಒಳ್ಳೆಯವಳೇ. ಆ ಮಾತು ಕೆಟ್ಟದ್ದು."

ಚೌರಪ್ಪ ತಲೆ ಕೆರೆದುಕೊಂಡ. ಅಷ್ಟರಲ್ಲಿ ಹಿತ್ತಲಲ್ಲಿ ಠಕ್ ಠಕ್ ಠಕ್ ಸದ್ದು. ಮೇಷ್ಟ್ರು ಮಣ್ಣಿನ ಗಡಿಗೆ ಬಡಿದರು. ಕೋಳಿಗಳು ಓಡಿ ಬಂದವು. ಮೇಷ್ಟ್ರು ಅಕ್ಕಿಯನ್ನೆಲ್ಲ ಸುರಿದರು. ಇಬ್ಬರೂ ಕಣ್ಣಾರೆ ಕಂಡರು.

ಮದಲೇನಳ ಅವ್ವ ಆ ಒಂದು ಹಿಡಿ ಅಕ್ಕಿ ಉಳಿಸಲು ಪ್ರತಿ ಗುರುವಾರ ರಾತ್ರಿ ಉಪವಾಸ ಮಲಗುತ್ತಿದ್ದಳು.

ಮೂರನೆಯ ಶುಕ್ರವಾರ ರಾಜ ಬಂದ. ಜಗಳವೇ ಇಲ್ಲದ ಶಾಲೆ ಎಂದು ಮೇಷ್ಟ್ರಿಗೆ ಬೆಳ್ಳಿಯ ಕೋಲು ಕೊಡುವವನಿದ್ದ. ಮೇಷ್ಟ್ರು ಮದಲೇನಳ ಕಿವಿಯಲ್ಲಿ ಹೇಳಿದರು. "ಇವತ್ತು ಬಾಯಿ ಬಿಟ್ಟರೆ ನಿನ್ನ ಹೆಸರು ಹೊಡೆದು ಹಾಕ್ತೀನಿ."

ರಾಜನೆದುರು ಮೇಷ್ಟ್ರು ತಮ್ಮದೂ ಒಂದು ಹಿಡಿ ಕಾಣಿಕೆಯ ಅಕ್ಕಿ ಹಿಡಿದು ಹಂಡೆಯತ್ತ ನಡೆದರು.

ಮದಲೇನ ಎದ್ದಳು. "ತಡೀರಿ ಮೇಷ್ಟ್ರೇ. ನನ್ನ ಮನಸ್ಸು ನಿಮ್ಮಿಂದ ನೊಂದಿದೆ. ನೀವು ಕಾಣಿಕೆ ಹಾಕೋ ಹಂಗಿಲ್ಲ."

"ನಂದೂ ನೊಂದಿದೆ," ಎಂದ ಚೌರಪ್ಪ.

"ಏನಿದು?" ಎಂದ ರಾಜ. ಮದಲೇನ ಗಡಿಗೆ ತೋರಿಸಿದಳು. "ಈ ಅಕ್ಕಿ ಎಲ್ಲಿಗೆ ಹೋಗುತ್ತೆ ಅಂತ ಕೇಳಿ ದೊರೆ."

"ಗಂಜಿಗೇ ಮಹಾಪ್ರಭು, ಬೇರೆಲ್ಲಿಗೆ!" ಎಂದರು ಮೇಷ್ಟ್ರು.

ಚೌರಪ್ಪ ಗಡಿಗೆ ಬಡಿದ. ಠಕ್ ಠಕ್ ಠಕ್! ಹಿತ್ತಲಿನ ಕೋಳಿಗಳೆಲ್ಲ ರೆಕ್ಕೆ ಬಡಿಯುತ್ತ ನುಗ್ಗಿ ಬಂದವು. ಗಡಿಗೆಯ ಸುತ್ತ ಕುಣಿದವು. ಒಂದು ಹುಂಜ ಅದರ ಬಾಯಿಗೇ ಹತ್ತಿ ಕೂತಿತು. ರಾಜ ಬಿದ್ದು ಬಿದ್ದು ನಕ್ಕ. ಮೇಷ್ಟ್ರ ಮುಖ ಬಿಳುಚಿಕೊಂಡಿತು.

"ಕೋಳಿ ಮೇಷ್ಟ್ರು!" ಎಂದು ಮಕ್ಕಳು ಕೂಗಿದರು.

"ಕೂಗಬೇಡ್ರೋ," ಎಂದಳು ಮದಲೇನ. ಒಂದು ಮಣೆ ತಂದು ಹಾಕಿದಳು. "ಕೂತ್ಕೊಳ್ಳಿ ಮೇಷ್ಟ್ರೇ. ನಮ್ಮ ನೋವು ನಾವು ಹೇಳ್ತೀವಿ. ಆಮೇಲೆ ನಿಮ್ಮದು ಕೇಳ್ತೀವಿ."

ಅವಳು ಅವ್ವನ ಉಪವಾಸದ ಮಾತು ಹೇಳಿದಳು. ಮೇಷ್ಟ್ರು ತಲೆ ತಗ್ಗಿಸಿದರು. "ಅಕ್ಕಿ ಬೆರೆಸಿದರೆ ಮೇಲಿನ ಕೇರಿಯವರು ಮಕ್ಕಳನ್ನು ಶಾಲೆ ಬಿಡಿಸಿಯಾರು ಎಂದು ಹೆದರಿದೆ. ಅದಕ್ಕೇ ನಿಮ್ಮ ಅಕ್ಕಿ ಕೋಳಿಗಳಿಗೆ ಸುರಿದೆ. ತಪ್ಪಾಯಿತು ಮಗಳೇ."

ರಾಜ ಬೆಳ್ಳಿಯ ಕೋಲನ್ನು ವಾಪಸು ಒಯ್ದ. ಆವತ್ತಿನಿಂದ ಎಲ್ಲರ ಅಕ್ಕಿಗೂ ಒಂದೇ ಹಂಡೆ. ಮದಲೇನಳ ಹೆಸರು ಶಾಲೆಯಲ್ಲಿ ಉಳಿಯಿತು. ಕೋಳಿಗಳು ಬಡಕಲಾದವು. ಚೌರಪ್ಪನ ಅಜ್ಜಿ ಇನ್ನೂ ಗಂಜಿ ಮುಟ್ಟಿಲ್ಲ. ಅವನು ಪ್ರತಿ ಶುಕ್ರವಾರ ಬಟ್ಟಲು ಹಿಡಿದು ಅವಳ ಪಕ್ಕ ಕೂತು ಮಾತಾಡುತ್ತಾನೆ.

ನೀತಿ ಇಷ್ಟೇ ಮಕ್ಕಳೇ. ಬಾಯಿ ಮುಚ್ಚಿಸಿ ತಂದ ಶಾಂತಿ ಅನ್ಯಾಯದ ಮನೆಗೆ ಕಾವಲು. ಒಪ್ಪದ ಮಾತನ್ನು ಎದುರಿಗೇ ಹೇಳಿ, ಹೆದರಬೇಡಿ. ಹೇಳುವಾಗ ಎದುರಿನವರಿಗೆ ಕೂರಲು ಮಣೆ ಹಾಕಿ.